ದಿನಕರರಾಯರು ಹತ್ತಿದ ಗುಡ್ಡ

ದಿನಕರರಾಯರ ಹೆಸರು ಶಿವಗಂಗವ್ವನ ಕಿವಿಗೆ ಮೊದಲ ಸಲ ಬಿದ್ದದ್ದು ಒಂದು ಆಷಾಢದ ಗುರುವಾರ, ಅವಳು ಎಮ್ಮೆಗೆ ಹಿಂಡಿ ಕಲಸುತ್ತ ಕುಳಿತಿದ್ದಾಗ. ಸೊಸೆ ಶಾಂಭವಿ ಅಂಗನವಾಡಿಯಿಂದ ಬಂದವಳು ಛತ್ರಿ ಮಡಚುವ ಮೊದಲೇ ಸುದ್ದಿ ಬಿಚ್ಚಿದಳು.

“ಅತ್ತಿ, ಶನಿವಾರ ಅಣ್ಣಿಗೇರಿಯಿಂದ ನಾಕು ಮಂದಿ ನಮ್ಮ ಮನಿಗೆ ಬರ್ತಾರ. ರೊಟ್ಟಿ ಬಡಿಬೇಕಂತ.”

“ಯಾಕ ಬರ್ತಾರ? ಹೆಣ್ಣ ನೋಡಾಕೇನು? ನಮ್ಮನ್ಯಾಗ ಹೆಣ್ಣಂದ್ರ ನಾನು, ನೀನು, ಈ ಎಮ್ಮಿ.”

“ಗುಡ್ಡ ಹತ್ತಾಕ ಬರ್ತಾರ್ರಿ.”

“ದನ ಕಳದಾವೇನು?”

“ಇಲ್ರಿ.”

“ಕಟಿಗಿ ಬೇಕಾಗ್ಯಾವೇನು?”

“ಅವರ ಮನ್ಯಾಗ ಗ್ಯಾಸ್ ಐತ್ರಿ.”

“ಹರಕಿ ಹೊತ್ತಾರೇನು?”

“ಯಾ ಹರಕಿನೂ ಇಲ್ರಿ. ಸುಮ್ಮನ ಹತ್ತತಾರಂತ. ಹತ್ತಿ, ಅಲ್ಲೇ ಗುಡಾರ ಹಾಕ್ಕೊಂಡು ಮಲಗಿ, ಆಯಿತವಾರ ಇಳೀತಾರಂತ.”

ಶಿವಗಂಗವ್ವ ಹಿಂಡಿಯ ಕೈಯನ್ನು ಬುಟ್ಟಿಯಲ್ಲೇ ಬಿಟ್ಟು ಸೊಸೆಯ ಮುಖ ನೋಡಿದಳು. ದೇವಿಕೊಪ್ಪ ಊರಿನ ಕೊನೆಯ ಮನೆ ಅವಳದು. ಮನೆಯ ಹಿತ್ತಲು ಮುಗಿಯುವಲ್ಲಿ ಕರೆಮ್ಮನ ಗುಡ್ಡ ಶುರುವಾಗುತ್ತದೆ. ಹುಡುಗಿಯಾಗಿದ್ದಾಗ ದನ ಕಾಯಲು ಹತ್ತಿದ್ದಳು, ಮದುವೆಯಾದ ಮೇಲೆ ಕಟ್ಟಿಗೆಗೆ ಹತ್ತಿದ್ದಳು, ಗಂಡ ತೀರಿದ ಮೇಲೆ ಎಮ್ಮೆ ಹುಡುಕಲು ಹತ್ತಿದ್ದಳು. ಎಪ್ಪತ್ತು ವರ್ಷದಲ್ಲಿ ಒಂದು ದಿನವೂ ಸುಮ್ಮನೆ ಹತ್ತಿರಲಿಲ್ಲ. ಸುಮ್ಮನೆ ಹತ್ತುವಷ್ಟು ಪುರಸೊತ್ತು ಇದ್ದ ಮನುಷ್ಯರನ್ನು ನೋಡುವ ಆಸೆಯೇ ಅವಳಿಗೆ ಹುಟ್ಟಿತು. “ಬರ್ಲಿ ಬಿಡು,” ಎಂದಳು.

ಶಾಂಭವಿಯ ತವರು ಅಣ್ಣಿಗೇರಿ. ಅವಳ ಅಪ್ಪನ ಗೆಳೆಯ ಶಕೀಲ್ ಮೂಲಕ ಈ ಮಾತು ಬಂದಿತ್ತು. ಸಂಜೆಯ ಹೊತ್ತಿಗೆ ಅವಳ ಫೋನಿಗೆ ಒಂದು ಕಾಗದ ಬಂತು. ಅದನ್ನು ಓದುವಾಗ ಶಾಂಭವಿಗೆ ನಗು ತಡೆಯಲಾಗಲಿಲ್ಲ. ಮೇಲ್ಗಡೆ ‘ಸುತ್ತೋಲೆ ಸಂಖ್ಯೆ ೭’ ಎಂದಿತ್ತು. ಕೆಳಗೆ ‘ವಿಷಯ: ಗುಡ್ಡ ಆರೋಹಣ ಕುರಿತು’. ‘ಉಲ್ಲೇಖ: ಸುತ್ತೋಲೆ ಸಂಖ್ಯೆ ೬’. ಆಮೇಲೆ ವೇಳಾಪಟ್ಟಿ. ಒಂಬತ್ತು ಹತ್ತಕ್ಕೆ ರೊಟ್ಟಿ. ಒಂಬತ್ತು ನಲವತ್ತೈದಕ್ಕೆ ಆರೋಹಣ. ಹನ್ನೆರಡು ಇಪ್ಪತ್ತೈದಕ್ಕೆ ತುದಿ. ಹನ್ನೆರಡು ಇಪ್ಪತ್ತೈದರಿಂದ ಹನ್ನೆರಡು ನಲವತ್ತರವರೆಗೆ ನಿಸರ್ಗದ ಸೌಂದರ್ಯ ಸವಿಯುವುದು. ಅಡಿಯಲ್ಲಿ ಸಹಿ: ದಿನಕರ, ನಾಯಕರು, ಪ್ಲಾಟ್‌ಫಾರ್ಮ್ ನಡಿಗೆ ಬಳಗ.

“ಸೌಂದರ್ಯಕ್ಕ ಹದಿನೈದ ಮಿನಿಟ ಸಾಕಂತೇನು?” ಎಂದು ಕೇಳಿದಳು ಶಿವಗಂಗವ್ವ.

“ಆಮ್ಯಾಲೆ ಫೋಟೋ ಐತ್ರಿ.”

ದಿನಕರರಾಯರು ಹೀಗೇಕೆ ಎಂಬುದು ಅವಳಿಗೆ ತಿಳಿದದ್ದು ಮುಂದೆ, ಒಂದೊಂದೇ ತುಣುಕಾಗಿ, ಅರ್ಧ ಅವರ ಬಾಯಿಂದ, ಅರ್ಧ ಶಕೀಲನ ಬಾಯಿಂದ. ರಾಯರು ಮೂವತ್ತನಾಲ್ಕು ವರ್ಷ ಒಂದು ಕಚೇರಿಯಲ್ಲಿ ಕಾರಕೂನಿಕೆ ಮಾಡಿದವರು. ಸಭೆ ಯಾರದೇ ಇರಲಿ, ಅದರಲ್ಲಿ ಆದ ಮಾತನ್ನೆಲ್ಲ ಬರೆದುಕೊಳ್ಳುವವರು ಅವರು. ಸಾಹೇಬರು ಹೇಳಿದ್ದು, ಮೆಂಬರು ಹೇಳಿದ್ದು, ಎದುರುಪಕ್ಷದವರು ಮೇಜು ಗುದ್ದಿದ್ದು, ಎಲ್ಲ ಬರೆದರು. ತಾವು ಹೇಳಿದ್ದನ್ನು ಎಲ್ಲೂ ಬರೆಯಲಿಲ್ಲ, ಏಕೆಂದರೆ ಅವರಿಗೆ ಯಾರೂ ಏನೂ ಕೇಳಿರಲಿಲ್ಲ. ನಿವೃತ್ತಿಯ ದಿನ ಅವರ ಕೊರಳಿಗೆ ಹಾರ ಹಾಕಿದ ಸಾಹೇಬರು ಭಾಷಣದಲ್ಲಿ ಅವರನ್ನು ‘ಪ್ರಭಾಕರರಾಯರು’ ಎಂದರಂತೆ. ಅದನ್ನೂ ರಾಯರು ಸಭೆಯ ನಡಾವಳಿಯಲ್ಲಿ ಹಾಗೆಯೇ ಬರೆದರು.

ನಿವೃತ್ತರಾದ ಮೇಲೆ ವೈದ್ಯರು ನಡೆಯಲು ಹೇಳಿದರು. ಅಣ್ಣಿಗೇರಿಯಲ್ಲಿ ಕೆಸರಿಲ್ಲದೆ ನಡೆಯಬೇಕೆಂದರೆ ರೈಲ್ವೆ ಪ್ಲಾಟ್‌ಫಾರ್ಮ್ ಒಂದೇ. ಮುಂಜಾನೆ ಆ ತುದಿಯಿಂದ ಈ ತುದಿಗೆ ನಡೆಯುವಾಗ ಜೊತೆ ಸಿಕ್ಕವರು ಮೂವರು. ರೈಲ್ವೆಯಲ್ಲೇ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ನಿವೃತ್ತನಾದ ಶಕೀಲ್, ಕಡ್ಡಿಯಂಥ ಮೈ, ಕತ್ತರಿಯಂಥ ಬಾಯಿ. ಹೆಸರುಕಾಳಿನ ವ್ಯಾಪಾರಿ ಸಂಗನಬಸವ, ಒಂದು ಕ್ವಿಂಟಲ್ ತೂಕದ ಆಸಾಮಿ. ಹೈಸ್ಕೂಲಿನ ವಿಜ್ಞಾನದ ಮಾಸ್ತರ ಮಿಲಿಂದ, ನಲವತ್ತರ ಒಳಗಿನವ, ಕೈಯಲ್ಲಿ ಸದಾ ಫೋನು ಸಿಕ್ಕಿಸಿ ಫೋಟೋ ತೆಗೆಯುವ ಕೋಲು. ನಾಲ್ವರಲ್ಲಿ ದಿನಕರರಾಯರು ಹೇಗೋ ಮುಂದೆ ನಡೆಯತೊಡಗಿದರು. ಅವರು ತಿರುಗಿದಾಗ ಉಳಿದ ಮೂವರೂ ತಿರುಗಿದರು. ಹುಟ್ಟಿದಾಗಿನಿಂದ ತಮ್ಮ ಹಿಂದೆ ಯಾರಾದರೂ ಬಂದದ್ದನ್ನು ರಾಯರು ನೋಡಿದ್ದು ಅದೇ ಮೊದಲು. ಮನೆಗೆ ಹೋಗಿ ಹೆಂಡತಿ ದ್ವಾರಕಾಬಾಯಿಗೆ ಹೇಳಿದರು. “ನಮ್ಮನ್ಯಾಗಿನ ಬೆಕ್ಕು ಸೈತ ನಿಮ್ಮ ಮಾತು ಕೇಳೂದಿಲ್ಲ,” ಎಂದರಂತೆ ಆಕೆ.

ಸಂಗನಬಸವನಿಗೆ ಇದು ಸರಿಬರಲಿಲ್ಲ. ಅಡತಿ ಅಂಗಡಿಯಲ್ಲಿ ಹತ್ತು ಮಂದಿ ತನ್ನ ಹಿಂದೆ ಓಡಾಡುವವನು ಬೆಳಗಾದರೆ ಕಾರಕೂನನ ಹಿಂದೆ ನಡೆಯುವುದೆಂದರೇನು? ಒಂದು ದಿನ ಚಹಾದ ಅಂಗಡಿಯ ಮುಂದೆ, ಹತ್ತು ಜನರೆದುರು, ಪಂಥ ಕಟ್ಟಿದ. “ಪ್ಲಾಟ್‌ಫಾರ್ಮಿನ ಮ್ಯಾಲೆ ಯಾರ ಬೇಕಾದವರು ನಾಯಕ ಆಕ್ಕಾರ. ನಮ್ಮನ್ನ ಒಂದು ಗುಡ್ಡ ಹತ್ತಿಸಿ ಇಳಿಸಲೇ ದಿನ್ಯಾ. ತುದಿ ಮುಟ್ಟಿಸಿದಿ, ಸಾಯೂತನಾ ನೀ ಮುಂದ. ಮುಟ್ಟಿಸಲಿಲ್ಲ, ಸೋಮವಾರದಿಂದ ನಾ ಮುಂದ, ನೀ ಹಿಂದ.”

ಅದಕ್ಕೇ ಸುತ್ತೋಲೆ. ಏಳು ಸುತ್ತೋಲೆ.

ಶನಿವಾರ ಅವರು ಬಂದದ್ದು ಒಂಬತ್ತು ಹತ್ತಕ್ಕಲ್ಲ, ಹತ್ತೂವರೆಗೆ. ಕಾಳಿನ ಚೀಲ ಸಾಗಿಸುವ ಸಂಗನಬಸವನ ಪಿಕಪ್ ಗಾಡಿಯಲ್ಲಿ. ನಾಲ್ವರ ಕಾಲಲ್ಲೂ ಹೊಸ ಬೂಟು, ಒಂದೇ ನಮೂನೆಯವು, ಹಳದಿ ಲೇಸು. ದಿನಕರರಾಯರು ಸಣ್ಣ ಆಳು. ಕೊರಳಲ್ಲಿ ಸೀಟಿ, ತಲೆಯ ಮೇಲೆ ಟೊಪ್ಪಿಗೆ, ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಪಡಸಾಲೆಯಲ್ಲಿ ಕುಳಿತು ಎರಡು ರೊಟ್ಟಿ ತಿಂದರು. ಸಂಗನಬಸವ ಒಂಬತ್ತು ತಿಂದ.

ಹೊರಗೆ ಆಕಾಶ ತೊಳೆಯದ ತವೆಯಂತೆ ಕಪ್ಪಗಿತ್ತು. ಶಿವಗಂಗವ್ವ ಅಂದಳು, “ರಾಯರ, ಇವತ್ತ ಹೋಗಬ್ಯಾಡ್ರಿ. ಮಳಿ ಬರ್ತೈತಿ.”

ರಾಯರು ಫೋನ್ ತೆಗೆದರು. “ಹಂಗೆಲ್ಲ ಹೇಳಲಿಕ್ಕೆ ಬರೂದಿಲ್ರಿ ಶಿವಗಂಗವ್ವ. ಇದರಾಗ ಮೂರು ಕಡೆ ನೋಡೇನಿ. ಒಬ್ಬಾಂವ ಶೇಕಡಾ ತೊಂಬತ್ತು ಮಳಿ ಅಂತಾನ. ಇನ್ನೊಬ್ಬ ಇಪ್ಪತ್ತು ಅಂತಾನ. ಮೂರನೇದಾಂವ ಬರೇ ಒಂದು ಸೂರ್ಯಾನ ಚಿತ್ರ ತೋರಿಸ್ಯಾನ. ಮೂರರದೂ ಸರಾಸರಿ ತಗದೇನಿ. ಮೂವತ್ತೇಳು ಬಂತು. ಮೂವತ್ತೇಳಕ್ಕ ಅಂಜಬೇಕೇನು?”

“ನಿಮಗ ಹೆಂಗ ಗೊತ್ತಾತಬೇ ಮಳಿ ಬರ್ತೈತಿ ಅಂತ?” ಎಂದು ಕೇಳಿದ ಶಕೀಲ್. “ಇರಿವಿ ಸಾಲ ನೋಡಿದ್ರೇನು? ಗಾಳಿ ನೋಡಿದ್ರೇನು?”

“ಏನ್ ನೋಡೂದಪಾ ಅದರಾಗ. ನಿನ್ನೆ ಬಂದಿತ್ತು. ಮೊನ್ನೆ ಬಂದಿತ್ತು. ಹನ್ನೊಂದ ದಿವಸ ಆತು ನಿಂತಿಲ್ಲ.”

ಮಿಲಿಂದ ಮಾಸ್ತರ ಏನೋ ಹೇಳಲು ಬಾಯಿ ತೆರೆದ. ರಾಯರು ಸೀಟಿ ಊದಿದರು. ದಾರಿ ತೋರಿಸಲು ಊರಿನ ಭೀಮಶಿಯನ್ನು ಕಳಿಸುತ್ತೇನೆ ಎಂದು ಶಿವಗಂಗವ್ವ ಹೇಳಿದರೂ ಅವರು ಒಪ್ಪಲಿಲ್ಲ. ನಕಾಶೆ ಫೋನಿನಲ್ಲಿದೆ, ನಾಯಕನೇ ಇನ್ನೊಬ್ಬನ ಹಿಂದೆ ನಡೆದರೆ ಹೇಗೆ ಎಂದರು. ಸಾಲಾಗಿ ಹಿತ್ತಲು ದಾಟಿದರು: ಮುಂದೆ ರಾಯರು, ಹಿಂದೆ ಶಕೀಲ್, ಆಮೇಲೆ ಕಿತ್ತಳೆ ಬಣ್ಣದ ಗುಡಾರ ಹೊತ್ತ ಮಿಲಿಂದ, ಕಡೆಗೆ ಏದುಸಿರು ಬಿಡುವ ಸಂಗನಬಸವ. ಅವರು ಹುಣಸೆ ಮರ ದಾಟುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಮುಂದೆ ಗುಡ್ಡದಲ್ಲಿ ಆದದ್ದನ್ನು ಶಕೀಲ್ ಎಷ್ಟೋ ಸಲ ಹೇಳಿದ್ದಾನೆ. ಒಂದು ಸಲಕ್ಕಿಂತ ಇನ್ನೊಂದು ಸಲ ಜೋರಾಗಿ. ಅದರಲ್ಲಿ ಎಲ್ಲ ಸಲವೂ ಬದಲಾಗದೆ ಇರುವುದು ಇಷ್ಟು.

ಅರ್ಧ ಮೈಲಿ ಹೋಗುವುದರೊಳಗೆ ಮಳೆ ಕೊಡದಿಂದ ಸುರಿದಂತೆ ಬಂತು. ಕಾಲುದಾರಿಯಲ್ಲಿ ಕೆಂಪು ನೀರು ಹರಿಯತೊಡಗಿತು. ಆಗ ರಾಯರು ನಿಂತು, ಸೀಟಿ ಊದಿ, ಕೈಯೆತ್ತಿ ಆಜ್ಞೆ ಮಾಡಿದರು: “ಬೂಟ ತಗೀರಿ!”

ಮಾತು ಮಾತಿಗೆ ಅಡ್ಡ ಬರುವ ಸಂಗನಬಸವನೂ ಈ ಮಾತಿಗೆ ಅಡ್ಡ ಬರಲಿಲ್ಲ. ನಾಲ್ವರೂ ಕಲ್ಲಿನ ಮೇಲೆ ಕುಳಿತು ಬೂಟು ಬಿಚ್ಚಿದರು, ಎರಡರ ಲೇಸು ಗಂಟು ಹಾಕಿ ಕೊರಳಿಗೆ ತೂಗುಹಾಕಿಕೊಂಡರು, ಪ್ಯಾಂಟು ಮೊಣಕಾಲಿನವರೆಗೆ ಮಡಚಿದರು. ಅದು ಅವರ ತಪ್ಪಲ್ಲ. ಅಣ್ಣಿಗೇರಿಯದು ಕರಿ ಎರೆಮಣ್ಣು. ಮಳೆ ಬಿದ್ದರೆ ಆ ಮಣ್ಣು ಬೂಟಿಗೆ ಹತ್ತುತ್ತದೆ, ಹತ್ತಿದ್ದಕ್ಕೆ ಇನ್ನಷ್ಟು ಹತ್ತುತ್ತದೆ, ಹತ್ತು ಹೆಜ್ಜೆಗೆ ಒಂದೊಂದು ಕಾಲು ಐದೈದು ಸೇರು ತೂಗುತ್ತದೆ. ಆ ಸೀಮೆಯಲ್ಲಿ ಮಳೆ ಬಂದರೆ ಶಾಣ್ಯಾ ಮನುಷ್ಯ ಮೊದಲು ಮಾಡುವ ಕೆಲಸ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುವುದು. ಅಪ್ಪ ಹಾಗೇ ಮಾಡಿದ, ಅಜ್ಜ ಹಾಗೇ ಮಾಡಿದ. ಮಿಲಿಂದ ಮಾಸ್ತರ ವಿಜ್ಞಾನ ಕಲಿಸುವವ. ಅವನೂ ಹಾಗೇ ಮಾಡಿದ. ಕರೆಮ್ಮನ ಗುಡ್ಡದ್ದು ಕೆಂಪು ಹರಳುಮಣ್ಣು, ಕಾಲಿಗೆ ಹತ್ತುವುದಿಲ್ಲ, ಕಾಲನ್ನೇ ಕೊಯ್ಯುತ್ತದೆ ಎಂಬುದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಮಳೆಗಾಲದಲ್ಲಿ ಆ ಹುಲ್ಲಿನಲ್ಲಿ ಜಿಗಣೆ ಇರುತ್ತವೆ ಎಂಬುದೂ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಶಿವಗಂಗವ್ವ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಹರಿದ ರಬ್ಬರ್ ಬೂಟು ಕಾಲಿಗೇರಿಸಿ ಎಮ್ಮೆ ಹೊಡೆದುಕೊಂಡು ಬರಲು ಹೋದಳು. ಎಮ್ಮೆ ಎಲ್ಲಿರುತ್ತದೆಂದು ಅವಳಿಗೆ ಗೊತ್ತು: ಗುಡ್ಡದ ಅರ್ಧಕ್ಕಿಂತ ಕೆಳಗೆ ಒಂದು ಅಗಲವಾದ ಚಪ್ಪಟೆ ಬಂಡೆ, ಊರ ಎಮ್ಮೆಗಳೆಲ್ಲ ಬೆನ್ನು ತಿಕ್ಕಿ ತಿಕ್ಕಿ ನುಣುಪಾದದ್ದು. ಎಮ್ಮೆಬಂಡೆ ಎಂದೇ ಅದರ ಹೆಸರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವಳಿಗೆ ಮೊದಲು ಕಂಡದ್ದು ಎಮ್ಮೆಯ ಕೋಡು. ಆಮೇಲೆ ಎಮ್ಮೆಯ ಬಾಜು ಕೂತ ನಾಲ್ಕು ಮಂದಿ.

ಸಾಲಾಗಿ ಕುಳಿತಿದ್ದರು. ನಾಲ್ವರ ಕೊರಳಲ್ಲೂ ಸತ್ಕಾರದ ಹಾರದ ಹಾಗೆ ಬೂಟು ತೂಗುತ್ತಿದ್ದವು. ಬೂಟು ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು. ಕಾಲು ರಕ್ತ, ಕೆಸರು, ಜಿಗಣೆ.

ಶಿವಗಂಗವ್ವ ಕೇಳಿದಳು, “ಬೂಟಿಗೆ ನೆಗಡಿ ಆಕ್ಕೈತೆಂತ ಬಿಚ್ಚೀರೇನ್ರಿ?”

ಸಂಗನಬಸವ ಕಣ್ಣು ಮುಚ್ಚಿ ಕೂಗುತ್ತಿದ್ದ. “ಯವ್ವಾ, ನನ್ನ ರಕ್ತ ಎಲ್ಲಾ ಕುಡದ ಬಿಟ್ಟಾವ. ನಾ ಉಳ್ಯಾಂವಲ್ಲ. ಶಕೀಲಾ, ನಮ್ಮನ್ಯಾಗ ಹೇಳು. ನಾ ಯಾರಿಗರೆ ಏನರೆ ಅಂದಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.”

“ನಿನ್ನ ಮೈಯಾಗಿನ ರಕ್ತ ಕುಡಿಬೇಕಂದ್ರ ಈ ಗುಡ್ಡದ ಜಿಗಳಿ ಸಾಲೂದಿಲ್ಲಲೇ, ಅಳ್ನಾವರದ ಅಡವಿಯಿಂದ ಬರಬೇಕು,” ಎಂದ ಶಕೀಲ್. ಅವನ ಹಲ್ಲೂ ಕಟಕಟ ಎನ್ನುತ್ತಿತ್ತು.

ಶಿವಗಂಗವ್ವ ಸೊಂಟದ ಚಂಚಿ ಬಿಚ್ಚಿ, ಎಲೆಗೆ ಹಚ್ಚುವ ಸುಣ್ಣವನ್ನು ಬೆರಳಲ್ಲಿ ತೆಗೆದು ಒಂದೊಂದೇ ಜಿಗಣೆಗೆ ಮುಟ್ಟಿಸಿದಳು. ಅವು ಉದುರಿದವು. ಸಂಗನಬಸವನ ಕಾಲಲ್ಲಿ ಎರಡೇ ಇದ್ದವು. ಹೆಚ್ಚು ಇದ್ದದ್ದು ದಿನಕರರಾಯರ ಕಾಲಲ್ಲಿ, ಹನ್ನೆರಡೋ ಹದಿಮೂರೋ. ಮುಂದೆ ನಡೆದವರು ಅವರಲ್ಲವೇ. ಅವರು ಒಂದು ಸಲವೂ ಹಾ ಎನ್ನಲಿಲ್ಲ. ತೋಯ್ದ ಸುತ್ತೋಲೆಯನ್ನು ಕೈಯಲ್ಲಿ ಹಿಡಿದಿದ್ದರು. ಮೂರು ಬಣ್ಣದ ಶಾಯಿ ಜೇಬಿನಿಂದ ಇಳಿದು ಅಂಗಿಯ ಮೇಲೆ ಹರಿದಿತ್ತು.

ಆಗ ಸಂಗನಬಸವ ಕಣ್ಣು ಬಿಟ್ಟ. ಜಿಗಣೆ ಹೋಗಿದ್ದವು, ಜೀವ ಉಳಿದಿತ್ತು, ಪಂಥ ನೆನಪಾಯಿತು. “ದಿನ್ಯಾ, ತುದಿ ಎಲ್ಲೈತಿ?”

ರಾಯರು ಎದ್ದು ನಿಂತರು. ಸುತ್ತ ನೋಡಿದರು. ಸುತ್ತಲೂ ಬರಿಯ ಬೆಳ್ಳಗೆ. ಮೇಲೂ ಬೆಳ್ಳಗೆ, ಕೆಳಗೂ ಬೆಳ್ಳಗೆ. ಫೋನು ನೀರು ಕುಡಿದು ಸತ್ತಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಅಂದರು, “ಇದs ತುದಿ.”

“ಇದ ತುದಿ?”

“ಹೌದು. ನೋಡು, ಇದಕ್ಕಿಂತ ಮ್ಯಾಲೆ ಏನರೆ ಕಾಣಸ್ತದೇನು?”

“ಇಲ್ಲೇ ನನ್ನ ಕೈ ನನಗ ಕಾಣವಲ್ದು.” ಸಂಗನಬಸವ ಶಿವಗಂಗವ್ವನ ಕಡೆ ತಿರುಗಿದ. “ಯವ್ವಾ, ನೀವು ಈ ಊರವರು. ಖರೇ ಹೇಳ್ರಿ. ಇದು ತುದಿ ಹೌದೋ ಅಲ್ಲೋ?”

ಮೂವರೂ ಅವಳನ್ನು ನೋಡಿದರು. ದಿನಕರರಾಯರೂ ನೋಡಿದರು. ಶಿವಗಂಗವ್ವನಿಗೆ ಆ ಮುಖ ಎಲ್ಲೋ ನೋಡಿದ್ದೇನೆ ಅನಿಸಿತು. ಆಮೇಲೆ ಹೊಳೆಯಿತು. ಮದುವೆಯಾದ ಮೂರನೆಯ ವರ್ಷ ಅವಳ ಗಂಡ ಬಡಿಗನಿಗೆ ಹೇಳದೆ ತಾನೇ ಒಂದು ಮಂಚ ಮಾಡಿದ್ದ. ಎಂಟು ದಿನ ಕಷ್ಟಪಟ್ಟು ಮಾಡಿ, ಅಂಗಳದಲ್ಲಿ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಕೇಳಿದ್ದ: ನೆಟ್ಟಗೈತೇನs? ಮಂಚದ ಒಂದು ಕಾಲು ನಾಲ್ಕು ಬೆರಳು ಗಿಡ್ಡವಿತ್ತು. ನೆಟ್ಟಗೈತಿ ಎಂದಿದ್ದಳು. ಅಷ್ಟಕ್ಕೇ ಅವನು ಎಷ್ಟು ಹಿಗ್ಗಿದನೆಂದರೆ ಆ ಓರೆ ಮಂಚದ ಮೇಲೆ ಹತ್ತೊಂಬತ್ತು ವರ್ಷ ಮಲಗಿದ್ದಳು, ಅವನು ಇರುವವರೆಗೂ ಕಾಲಿನಡಿ ಒಂದು ಇಟ್ಟಿಗೆ ಇಡಲಿಲ್ಲ.

ಅಲ್ಲ ಎಂದರೆ ಇವರು ಹತ್ತಬೇಕಾಗುತ್ತದೆ. ಮೇಲಿನ ಹಳ್ಳ ತುಂಬಿ ಬಂದಿದೆ. ಈ ಕಾಲಲ್ಲಿ ಅದನ್ನು ದಾಟುವವರಲ್ಲ. ಅಲ್ಲದೆ ಎಮ್ಮೆ ಹಿಂಡುವ ಹೊತ್ತಾಗಿದೆ.

“ಹೌದ್ರಿ,” ಎಂದಳು ಶಿವಗಂಗವ್ವ. “ಇದs ತುದಿ. ಇನ್ನ ಇಳೀರಿ.”

ರಾಯರು ಸೀಟಿ ಊದಿದರು. ನೀರು ತುಂಬಿದ್ದರಿಂದ ಅದು ಕೂಗಲಿಲ್ಲ, ಗುಳುಗುಳು ಎಂದಿತು. ಮಿಲಿಂದ ಕೋಲು ಚಾಚಿ ಫೋಟೋ ತೆಗೆದ. ಆ ಫೋಟೋದಲ್ಲಿ ಬೆಳ್ಳನೆಯ ಮಂಜು, ನಾಲ್ಕು ಜೊತೆ ಬೂಟು, ಅರ್ಧ ಎಮ್ಮೆ ಇದ್ದವು. ಆ ಅರ್ಧ ಎಮ್ಮೆಯನ್ನು ಆಮೇಲೆ ಫೋಟೋದಿಂದ ಕತ್ತರಿಸಿ ತೆಗೆದರಂತೆ.

ಇಳಿಯುವಾಗ ಎಲ್ಲರಿಗಿಂತ ಮುಂದೆ ಎಮ್ಮೆ ಇತ್ತು, ಅದರ ಹಿಂದೆ ಶಿವಗಂಗವ್ವ. ಬೂಟು ಕಾಲಿಗೆ ಹಾಕಿಕೊಳ್ಳಿ ಎಂದು ಅವಳು ಎರಡು ಸಲ ಹೇಳಿದಳು. ಕಾಲು ಉಬ್ಬಿ ಯಾವ ಬೂಟೂ ಯಾರ ಕಾಲಿಗೂ ಹಿಡಿಯಲಿಲ್ಲ. ಕೊರಳಲ್ಲೇ ಇಳಿದವು. ಮನೆಗೆ ಬಂದು ಒಲೆಯ ಸುತ್ತ ಕುಳಿತು ಚಹಾ ಕುಡಿದಾಗ ಸಂಗನಬಸವ, “ನಿನ್ನ ಮಾತು ನಡೀತು ಬಿಡಲೇ ದಿನ್ಯಾ. ನೀ ಮುಂದ,” ಎಂದ. ರಾಯರು ಬಸಿ ಕೆಳಗಿಟ್ಟು, ತೋಯ್ದ ಸುತ್ತೋಲೆಯನ್ನು ಒಲೆಯ ಬಾಜು ಒಣಗಲು ಹರಡಿದರು. ಭಾನುವಾರದವರೆಗೆ ಮಳೆ ನಿಲ್ಲಲಿಲ್ಲ. ಗುಡಾರವನ್ನು ಪಡಸಾಲೆಯಲ್ಲಿ ಬಿಚ್ಚಿ ನೋಡಿದ ಮಿಲಿಂದನಿಗೆ ಮತ್ತೆ ಅದನ್ನು ಮಡಚಲು ಬರಲಿಲ್ಲ. ಅಲ್ಲೇ ಬಿಟ್ಟುಹೋದ. ಈಗಲೂ ಶಿವಗಂಗವ್ವನ ಸಗಣಿ ಕುಳ್ಳಿನ ಒಟ್ಟಿಲಿಗೆ ಅದೇ ಹೊದಿಕೆ. ಒಂದು ಹನಿ ಸೋರುವುದಿಲ್ಲ.

ಅಣ್ಣಿಗೇರಿಯಲ್ಲಿ ದಿನಕರರಾಯರಿಗೆ ಹೆಸರು ಬಂತು. ಬಳಗ ನಾಲ್ಕರಿಂದ ಹದಿನೇಳಕ್ಕೇರಿತು. ಮಿಲಿಂದ ಮಾಸ್ತರ ತನ್ನ ಶಾಲೆಗೆ ಕರೆಸಿ ‘ಶಿಖರದ ಮೇಲಿಂದ’ ಎಂದು ಅವರಿಂದ ಭಾಷಣ ಮಾಡಿಸಿದ. ಮೊದಲ ವರ್ಷ ಅವರು ಇದ್ದದ್ದನ್ನೇ ಹೇಳಿದರು: ಮಂಜು, ಬರೇ ಮಂಜು. ಹುಡುಗರು ಆಕಳಿಸಿದರು. ಎರಡನೆಯ ವರ್ಷ ಮಂಜು ಸ್ವಲ್ಪ ಸರಿದು ಒಂದು ಕೆರೆ ಕಂಡಿತು. ಮೂರನೆಯ ವರ್ಷ ಕೆರೆಯ ಆಚೆ ಅಳ್ನಾವರದ ಕಡೆ ಹೋಗುವ ರೈಲೂ ಕಂಡಿತು, ಅದರ ಹೊಗೆಯೂ. “ಈಗ ಯಾ ರೈಲಿಗೆ ಹೊಗಿ ಐತಿ ರಾಯರ? ಆ ಹಳಿಗೆ ವಿದ್ಯುತ್ ತಂತಿ ಹಾಕ್ಯಾರ,” ಎಂದು ಶಕೀಲ್ ಸಭೆಯಲ್ಲೇ ಕೇಳಿದನಂತೆ. ರಾಯರು, “ಅದು ಮಂಜಿರಬೇಕು,” ಎಂದರಂತೆ.

ಈ ಭಾಷಣಗಳು ಅವರಿಗೆ ಹಿಗ್ಗು ಕೊಟ್ಟವು, ನಿದ್ದೆ ಕೊಡಲಿಲ್ಲ. ಆಡಿದ ಮಾತನ್ನು ಇದ್ದ ಹಾಗೇ ಬರೆದು ರೂಢಿಯಾದ ಕೈ ಅದು. ಹೇಳಿದ್ದನ್ನು ಖರೆ ಮಾಡಬೇಕು, ಒಬ್ಬರೇ ಹೋಗಿ ನಿಜವಾದ ತುದಿ ಮುಟ್ಟಿ ಬರಬೇಕು ಎಂದು ಅವರು ನಿಶ್ಚಯಿಸಿದರು. ಮೊದಲ ಸಲ ದೀಪಾವಳಿ ಮುಗಿದ ಮೇಲೆ ಬಂದರು, ಸುತ್ತೋಲೆ ಇಲ್ಲದೆ, ಬಸ್ಸು ಹತ್ತಿ. ದೀಪಾವಳಿ ಆದ ಮೇಲೆ ಮಳೆ ಎಲ್ಲಿಯದು? ಎಲ್ಲೋ ಸಮುದ್ರದಲ್ಲಿ ಗಾಳಿ ಎದ್ದಿತಂತೆ. ಮೂರು ದಿನ ಹೊಡೆಯಿತು. ಶಿವಗಂಗವ್ವನ ಕಟ್ಟೆಯ ಮೇಲೆ ಕುಳಿತು, ರೊಟ್ಟಿ ತಿಂದು, ಬಸ್ಸು ಹತ್ತಿದರು. ಮರುವರ್ಷ ಹೋಳಿಯ ಹೊತ್ತಿಗೆ ಬಂದರು. ಹುಣಸೆ ಮರದವರೆಗೆ ಹೋದರು, ಆಲಿಕಲ್ಲು ಬಿತ್ತು. ತಲೆಯ ಮೇಲೆ ಒಂದು ಗುಬುಟು ಹೊತ್ತು ವಾಪಸ್ ಬಂದರು. ಮೋಡಕ್ಕೂ ಅವರಿಗೂ ಯಾವುದೋ ಹಳೆಯ ಕೋರ್ಟು ವ್ಯಾಜ್ಯ ಇದ್ದ ಹಾಗಿತ್ತು. ಒಂದು ಸಲ ದ್ವಾರಕಾಬಾಯಿಯೂ ಜೊತೆಗೆ ಬಂದರು. “ಮೂವತ್ತೆಂಟ ವರ್ಷದಾಗ ಈ ಮನಶ್ಯಾ ಕೊತಂಬರಿ ತರಲಿಕ್ಕೂ ಒಬ್ಬರ ಹೋದವರಲ್ಲ. ಇಲ್ಲಿಗೆ ಯಾಕ ಬರ್ತಾರ ಹೇಳ್ರಿ ಶಿವಗಂಗವ್ವ,” ಎಂದು ಕೇಳಿದರು. “ನನ್ನ ರೊಟ್ಟಿಗಿರಬೇಕ್ರಿ,” ಎಂದಳು ಶಿವಗಂಗವ್ವ. ಅದು ರಾಯರ ಸಲುವಾಗಿ ಅವಳಾಡಿದ ಎರಡನೆಯ ಸುಳ್ಳು.

ಮೂರನೆಯ ವರ್ಷದ ಕೊನೆಗೆ ರಾಯರ ಮೊಣಕಾಲು ಹೋಯಿತು. ಅದೇ ತಿಂಗಳು ಶಕೀಲ್ ಶಾಂಭವಿಯ ತವರಿಂದ ಏನೋ ಗಂಟು ತಂದವನು ಶಿವಗಂಗವ್ವನ ಮುಂದೆ ಬಾಯಿ ಬಿಟ್ಟ.

“ಯವ್ವಾ, ಅವತ್ತ ನೀವು ತುದಿ ಅಲ್ಲ ಅಂದಿದ್ರ ನಾವು ನಿಮ್ಮ ಕಾಲ ಹಿಡೀತಿದ್ವಿ ನೋಡ್ರಿ.”

“ಅಂದ್ರ?”

“ತುದೀ ಮ್ಯಾಲೆ ಅಷ್ಟ ಸಗಣಿ ಹೆಂಗ ಬರ್ತೈತಿಬೇ? ಬಂಡಿ ತುಂಬ ಎಮ್ಮಿ ಕೂದಲಾ. ನಾ ಬಾಯಿ ಬಿಡ್ಬೇಕಂದೆ, ಸಂಗನಬಸು ನನ್ನ ತೊಡಿ ಚಿವುಟಿದ. ಮಾಸ್ತರನ ಕೈಯಾನ ಗಡಿಯಾರ ಎತ್ತರಾ ತೋರಸ್ತೈತಿ. ಅದನ್ನ ಅಂವ ತೋಳ ಒಳಗ ಸರಿಸಿದ. ಯಾರಿಗೆ ಬೇಕಾಗಿತ್ತು ಇನ್ನಷ್ಟ ಹತ್ತೂದು?”

“ಸಂಗನಬಸವಗೂ ಗೊತ್ತಿತ್ತೇನು? ಪಂಥಾ ಕಟ್ಟಿದಾಂವ ಅವನs ಅಲ್ಲೇನೋ!”

“ಅವಗs ಮೊದಲ ಗೊತ್ತು. ಆದರ ರಾಯರ ಮಾರಿ ನೋಡಿದ್ನೆಲ್ಲಾ. ಆಮ್ಯಾಲೆ ಇನ್ನೊಂದ ಐತಿ. ಅಂವ ಮುಂದ ನಡದ್ರ ಎಲ್ಲಾರಕಿಂತ ಜೋರ ನಡೀಬೇಕಾಕ್ಕೈತಿ. ಹಿಂದಿದ್ರ ಆರಾಮ.”

ಶಿವಗಂಗವ್ವ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದಳು, “ಇದು ರಾಯರಿಗೆ ಗೊತ್ತೇನು?”

“ಇಲ್ಲಬೇ. ಊರಾಗ ಗೊತ್ತಿರದವರು ಅವರೊಬ್ಬರ.”

ಮಾರ್ಚ್ ತಿಂಗಳ ಒಂದು ಮುಂಜಾನೆ ಶಕೀಲನ ಫೋನ್ ಬಂತು. ಕೋಲು ಊರಿಕೊಂಡೇ ಎಲ್ಲರ ಮುಂದೆ ನಡೆಯುತ್ತಿದ್ದ ರಾಯರು ಪ್ಲಾಟ್‌ಫಾರ್ಮಿನ ಮೂರನೆಯ ಸುತ್ತಿನಲ್ಲಿ ಬೆಂಚಿನ ಮೇಲೆ ಕುಳಿತರಂತೆ. ಕುಳಿತವರು ಏಳಲಿಲ್ಲ. ಅವರ ಹಿಂದೆ ಮೂರು ಹೆಜ್ಜೆಯಲ್ಲಿದ್ದ ಸಂಗನಬಸವ ಆ ಮೂರು ಹೆಜ್ಜೆಯಲ್ಲೇ ನಿಂತನಂತೆ, ದಾಟಿ ಮುಂದೆ ಹೋಗಲಿಲ್ಲ. ಈಗಲೂ ಬಳಗದವರು ಮುಂದಿನ ಜಾಗ ಖಾಲಿ ಬಿಟ್ಟೇ ನಡೆಯುತ್ತಾರೆ. ಆ ಜಾಗಕ್ಕೆ ಯಾರು ಎಂದು ತೀರ್ಮಾನಿಸಲು ಸಭೆ ಕರೆದಿದ್ದಾರೆ, ಆದರೆ ನಡಾವಳಿ ಬರೆಯುವವರು ಯಾರೂ ಇಲ್ಲದ್ದರಿಂದ ಪ್ರತಿಸಲವೂ ಮುಂದಕ್ಕೆ ಹೋಗುತ್ತದೆ.

ಹಳದಿ ಲೇಸಿನ ಒಂದು ಜೊತೆ ಬೂಟು ಶಿವಗಂಗವ್ವನ ಪಡಸಾಲೆಯ ಮೂಲೆಯಲ್ಲಿದೆ. ಮೇಲ್ಭಾಗ ಇನ್ನೂ ಹೊಸದು. ಅಟ್ಟೆಯ ಗೀರುಗಳಲ್ಲಿ ಕೆಂಪು ಮಣ್ಣು ಕೂತಿದೆ. ಶಾಂಭವಿ ತೊಳೆಯಲು ಹೋದರೆ ಅವಳು ಬಿಡುವುದಿಲ್ಲ.

ಅದನ್ನು ರಾಯರು ತಂದುಕೊಟ್ಟದ್ದು ಅವರು ತೀರುವ ಎರಡು ತಿಂಗಳ ಮೊದಲು, ಸಂಕ್ರಾಂತಿ ಕಳೆದು ಎರಡು ದಿನಕ್ಕೆ. ಅವತ್ತು ಗಾಡಿ ಮಾಡಿಕೊಂಡು ಬಂದಿದ್ದರು, ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಕೋಲು. ಕಟ್ಟೆ ಏರಲು ಶಿವಗಂಗವ್ವ ಕೈ ಕೊಡಬೇಕಾಯಿತು. ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರಿಗೆ ಕರೆಮ್ಮನ ಗುಡ್ಡ ಬುಡದಿಂದ ತುದಿಯವರೆಗೆ ಪೂರಾ ಕಂಡಿತು. ಬಹಳ ಹೊತ್ತು ನೋಡಿದರು. ಕೋಲು ಎತ್ತಿ ತೋರಿಸಿದರು.

“ಅಲ್ಲಿ ಬೂದಿ ಬಣ್ಣದ್ದು ಕಾಣಸ್ತದಲ್ಲ, ಅದs ಅಲ್ಲೇನು ನಾವು ಕೂತಿದ್ದ ಬಂಡಿ?”

“ಹೌದ್ರಿ. ಎಮ್ಮಿಬಂಡಿ.”

“ಅರ್ಧಾನೂ ಅಲ್ಲಲ್ರಿ ಅದು!” ರಾಯರು ನಕ್ಕರು. ಕಾರಕೂನನ ನಗು, ಸದ್ದಿಲ್ಲದ್ದು. “ನಿಮಗ ಗೊತ್ತಿತ್ತು.”

“ನಿಮಗೂ ಗೊತ್ತಿತ್ತು.”

“ನನಗ ಗೊತ್ತಿತ್ತು. ಇನ್ಯಾರಿಗೂ ಗೊತ್ತಿಲ್ಲ, ಪುಣ್ಯಾ. ಗೊತ್ತಾಗಿದ್ರ ಆ ಸಂಗನಬಸು ಊರಾಗ ಡಂಗುರಾ ಹೊಡಸ್ತಿದ್ದ.”

ಶಿವಗಂಗವ್ವ ಬಾಯಿಗೆ ಬಂದದ್ದನ್ನು ನುಂಗಿ, ಅವರ ಗ್ಲಾಸಿಗೆ ಇನ್ನಷ್ಟು ಮಜ್ಜಿಗೆ ಸುರಿದಳು. ಅದು ಅವಳ ಮೂರನೆಯ ಸುಳ್ಳು, ಮಾತಾಡದೆ ಹೇಳಿದ್ದು.

ರಾಯರು ಮಜ್ಜಿಗೆ ಕುಡಿದು, ಜೋಳಿಗೆಯಿಂದ ಬೂಟು ತೆಗೆದು ಕಟ್ಟೆಯ ಮೇಲೆ ಜೋಡಿಸಿಟ್ಟರು. ಗುಡ್ಡದ ಮೊದಲ ಅರ್ಧ ಮೈಲಿ ಬಿಟ್ಟು ಮುಂದೆ ನೆಲ ತುಳಿಯದ ಬೂಟು, ಅಟ್ಟೆಯಲ್ಲಿ ಒಂದು ಕಣ ಮಣ್ಣಿಲ್ಲ. ಅವುಗಳ ಬಾಯಲ್ಲಿ ಹಳೆಯ ಸುತ್ತೋಲೆಯ ಹಾಳೆ ತುರುಕಿದ್ದರು, ಆಕಾರ ಕೆಡಬಾರದೆಂದು.

“ನನ್ನ ಕಾಲಂತೂ ಇನ್ನ ಏರೂದಿಲ್ರಿ,” ಎಂದರು. “ನೀವು ಹ್ಯಾಂಗೂ ಎಮ್ಮಿ ಹುಡುಕ್ಕೋತ ಹೋಗ್ತೀರಿ. ಒಂದು ದಿವಸ ಬಿಸಲ ಇದ್ದಾಗ ಇವನ್ನ ತುದೀತನಕ ಮುಟ್ಟಿಸಿ ಬರ್ತೀರೇನು? ನಾ ಹೇಳಿದ ಕೆರಿ ಕಾಣಸ್ತದೋ ಇಲ್ಲೋ ಅದನ್ನೂ ಅಷ್ಟು ನೋಡಿ ಬರ್ರಿ.” ಗಾಡಿಯ ಕಡೆ ಎರಡು ಹೆಜ್ಜೆ ಹೋದವರು ಕೋಲು ಊರಿ ತಿರುಗಿ ನಿಂತರು. “ಆದರ ಶಿವಗಂಗವ್ವ, ಒಂದು ಮಾತು. ಕಾಲಾಗ ಹಾಕ್ಕೊಂಡು ಹೋಗ್ರಿ ಮತ್ತ. ಕೊಳ್ಳಾಗ ಹಾಕ್ಕೋಬ್ಯಾಡ್ರಿ.”